ಕೋಲು ಬಿದ್ದ ಮೇಲೆ ಕೇಳಿದ ಚೆಂಡೆ

ನನಗೆ ಆಗ ಏಳು ವರ್ಷ ಇದ್ದಿರಬಹುದು. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ. ಮುಂದಿನ ಚಾಪೆಗಳಲ್ಲೆಲ್ಲ ಜನ ತುಂಬಿದ್ದರಿಂದ ನಾನೂ ಅಜ್ಜನೂ ಗದ್ದೆಯ ಆಚೆ ತುದಿಯ ಕಟ್ಟಪುಣಿಯ ಮೇಲೆ ಕೂತಿದ್ದೆವು. ಗ್ಯಾಸ್‌ಲೈಟಿನ ಬೆಳಕಲ್ಲಿ ರಂಗಸ್ಥಳ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಚೆಂಡೆಯವರ ಕೋಲು ಕೆಳಗೆ ಬಿದ್ದದ್ದು ಕಣ್ಣಿಗೆ ಕಂಡರೂ ಸದ್ದು ಬರುತ್ತಿರಲಿಲ್ಲ. ಕೋಲು ಮತ್ತೆ ಮೇಲೇರುವ ಹೊತ್ತಿಗೆ 'ಢಂ' ಎನ್ನುತ್ತಿತ್ತು. ಚೆಂಡೆಯವರು ತಪ್ಪಿ ಬಾರಿಸುತ್ತಿದ್ದಾರೆಂದು ನಾನು ಅಜ್ಜನಿಗೆ ಹೇಳಿದೆ. "ತಪ್ಪಲ್ಲ ಮಗಾ, ಸದ್ದಿಗೂ ಅಲ್ಲಿಂದ ಇಲ್ಲಿಗೆ ನಡೆದು ಬರಬೇಕಲ್ಲ" ಎಂದರು ಅಜ್ಜ.

ಸದ್ದಿನ ನಡಿಗೆ ಸೆಕೆಂಡಿಗೆ ಸುಮಾರು 340 ಮೀಟರ್ ಎಂದು ಮುಂದೆ ಶಾಲೆಯಲ್ಲಿ ಕಲಿತೆ. ಆ ಕಟ್ಟಪುಣಿಗೂ ರಂಗಸ್ಥಳಕ್ಕೂ ನೂರೈವತ್ತು ಮೀಟರ್ ಇದ್ದಿತೆಂದರೆ ಚೆಂಡೆ ನನ್ನ ಕಿವಿಗೆ ಮುಟ್ಟಲು ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ ಬೇಕಾಗಿತ್ತು. ನೇರಪ್ರಸಾರದ ತಡವನ್ನು ನಾನು ಮೊದಲು ಕಂಡದ್ದು ಹಾಗೆ. ಇವತ್ತು ಆ ತಡವೇ ನನ್ನ ಅನ್ನ. ವಿಟ್ಲ ಸೀಮೆಯ ಆಟ, ಜಾತ್ರೆ, ಮದುವೆ, ಬ್ರಹ್ಮಕಲಶಗಳನ್ನು ಇಂಟರ್ನೆಟ್ಟಿನಲ್ಲಿ ಲೈವ್ ಮಾಡುವುದು ನನ್ನ ಕೆಲಸ. ಅದಕ್ಕೂ ಮೊದಲು ಕೇಬಲ್ ಲೈನ್ ಎಳೆಯುತ್ತಿದ್ದೆ. ಮೂವತ್ತು ವರ್ಷದಲ್ಲಿ ತಂತಿ, ಪೆಟ್ಟಿಗೆ ಎಲ್ಲ ಬದಲಾದವು. ಜನ ಕೇಳುವ ಪ್ರಶ್ನೆ ಮಾತ್ರ ಅದೇ: "ಅಣ್ಣ, ಇದು ಲೈವ್ ಹೌದಾ? ಮತ್ತೆ ಯಾಕೆ ಇಷ್ಟು ಲೇಟ್ ಬರ್ತಾ ಉಂಟು?"

ಈ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಉತ್ತರ ಹುಡುಕುವ ಕ್ರಮ ಅಪ್ಪನಿಂದ ಬಂದದ್ದು. ನಮ್ಮ ಮನೆಗೆ ಗುಡ್ಡದ ಸುರಂಗದಿಂದ ದಂಬೆಯಲ್ಲಿ ನೀರು ಬರುತ್ತಿತ್ತು. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದು, ಒಂದರ ಬಾಯಿಗೆ ಇನ್ನೊಂದನ್ನು ಕೂಡಿಸಿ ಗುಡ್ಡದಿಂದ ಅಂಗಳದವರೆಗೆ ತಂದ ನೀರಿನ ದಾರಿ ಅದು. ನೀರು ಸಣ್ಣಗಾದರೆ ಅಪ್ಪ ಅಂಗಳದಲ್ಲಿ ನಿಂತು ಯಾರನ್ನೂ ಬೈಯುತ್ತಿರಲಿಲ್ಲ. ಸೀದಾ ಸುರಂಗದ ಬಾಯಿಗೆ ಹೋಗಿ, ಅಲ್ಲಿಂದ ದಂಬೆಯ ಜೊತೆಗೇ ಇಳಿದು ಬರುತ್ತಿದ್ದರು. ಒಂದು ಕಡೆ ಹಲಸಿನ ಎಲೆ ಅಡ್ಡ ನಿಂತಿರುತ್ತಿತ್ತು. ಇನ್ನೊಂದು ಕಡೆ ನೆರೆಯವರು ದನಕ್ಕೆ ಕುಡಿಯಲೆಂದು ಕಲ್ಲುಮರಿಗೆ ತಿರುಗಿಸಿರುತ್ತಿದ್ದರು. ಕಲ್ಲುಮರಿಗೆ ತುಂಬಿ ಉಕ್ಕಿದ ಮೇಲಷ್ಟೇ ನೀರು ಮುಂದಕ್ಕೆ ಬರುತ್ತಿತ್ತು. ಲೈವ್ ವಿಡಿಯೋದ ತಡವೂ ಬಹುಪಾಲು ಅಂಥ ಕಲ್ಲುಮರಿಗೆಯೇ. ಯಾರೋ, ಎಲ್ಲೋ, ಯಾವುದೋ ಕಾರಣಕ್ಕೆ, ತುಂಬಲಿ ಎಂದು ಕಾದಿರುತ್ತಾರೆ. ಆ ಮರಿಗೆಗಳನ್ನು ಒಂದೊಂದಾಗಿ ಯಾರು ಇಟ್ಟರು, ಯಾಕೆ ಇಟ್ಟರು ಎಂಬುದೇ ನಮ್ಮ ಕಸುಬಿನ ಚರಿತ್ರೆ.

ಮರಿಗೆಯೇ ಇಲ್ಲದ ಕಾಲವೂ ಒಂದಿತ್ತು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಆರಂಭಿಸಿದರು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಆ ಪ್ರಸಾರದಲ್ಲಿ ಕಾಯುವುದೆಂಬುದೇ ಇರಲಿಲ್ಲ. ಮೈಕಿಗೆ ಬಿದ್ದ ದನಿ ಹಾಗೆಯೇ ವಿದ್ಯುತ್ತಾಗಿ, ಅಲೆಯಾಗಿ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಹಾಡುವವರಿಂದ ಮೂವತ್ತು ಮೀಟರ್ ದೂರ ಕೂತವನ ಕಿವಿಗೆ ದನಿ ಗಾಳಿಯಲ್ಲಿ ನಡೆದು ಬರುವ ಮೊದಲೇ ನೂರಾರು ಮೈಲಿ ಆಚೆ ರೇಡಿಯೋ ಮುಂದೆ ಕೂತವನಿಗೆ ಅದು ಕೇಳಿರುತ್ತಿತ್ತು. 1976ರಲ್ಲಿ ಮಂಗಳೂರಿಗೆ ಆಕಾಶವಾಣಿ ನಿಲಯ ಬಂದ ಮೇಲೆ ನಮ್ಮ ಮನೆಯ ಟ್ರಾನ್ಸಿಸ್ಟರಿನಲ್ಲಿ ಯಕ್ಷಗಾನ ಕೇಳುತ್ತಾ ಬೆಳೆದವನು ನಾನು. ರೇಡಿಯೋದ ತಡದ ಬಗ್ಗೆ ಯಾರೂ ದೂರಿದ್ದು ನೆನಪಿಲ್ಲ.

ತಡ ಬಂದದ್ದು ದೂರದ ಜೊತೆಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದ 'ಸೈಟ್' ಪ್ರಯೋಗ ಅದರ ಮೊದಲ ಅಧ್ಯಾಯ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಳಸಲು ಕೊಟ್ಟಿತು. ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ಬಲೆಯಂಥ ತಂತಿ ಹೆಣೆದ ಮೂರು ಮೀಟರಿನ ಡಿಷ್, ಒಂದು ಟಿವಿ, ಎದುರಿಗೆ ಇಡೀ ಊರು. ರಸ್ತೆಯೇ ಸರಿಯಿಲ್ಲದ ಊರಿಗೆ ಆಕಾಶದಿಂದ ಕನ್ನಡ ಮಾತು ಇಳಿಯಿತು. ಉಪಗ್ರಹ ಸಂಪರ್ಕದ ಕನಸನ್ನು 1945ರಲ್ಲೇ ಬರೆದಿದ್ದ ಆರ್ಥರ್ ಸಿ. ಕ್ಲಾರ್ಕ್ ಆಗ ಕೊಲಂಬೋದಲ್ಲಿದ್ದರು. ಅವರ ಮನೆಗೂ ನಮ್ಮ ಎಂಜಿನಿಯರುಗಳು ಹೋಗಿ ಒಂದು ಡಿಷ್ ಕಟ್ಟಿ ಬಂದರು.

ಅಂಥ ಉಪಗ್ರಹ ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಂತಿರುತ್ತದೆ. ಹೋಗಿ ಬರುವ ದಾರಿ ಎಪ್ಪತ್ತೆರಡು ಸಾವಿರ ಕಿಲೋಮೀಟರಿನ ಹತ್ತಿರ. ಬೆಳಕಿಗೂ ಅದಕ್ಕೆ ಕಾಲು ಸೆಕೆಂಡು ಬೇಕು. ಟಿವಿ ವಾರ್ತೆಯಲ್ಲಿ ಸ್ಟುಡಿಯೋದವರು ಪ್ರಶ್ನೆ ಕೇಳಿದ ಮೇಲೂ ದೂರದ ವರದಿಗಾರ ಕಿವಿಗೆ ಕೈ ಹಿಡಿದು ಸುಮ್ಮನೆ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವಲ್ಲ. ಪ್ರಶ್ನೆ ಹೋಗಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ನನಗೆ ಗೊತ್ತಿರುವ ತಡಗಳಲ್ಲಿ ಯಾರಿಂದಲೂ ಸರಿಪಡಿಸಲಾಗದ್ದು ಇದೊಂದೇ. ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು ಹಾಸನದಲ್ಲಿ ಕಟ್ಟಿದ ನಿಯಂತ್ರಣ ಕೇಂದ್ರದ ಎಂಜಿನಿಯರುಗಳೂ ಈ ಕಾಲು ಸೆಕೆಂಡಿಗೆ ತಲೆಬಾಗಿಯೇ ಕೆಲಸ ಮಾಡಬೇಕು.

ತೊಂಬತ್ತರ ದಶಕದಲ್ಲಿ ನಾನು ಕೇಬಲ್ ಕೆಲಸಕ್ಕೆ ಸೇರಿದೆ. ತೆಂಗಿನ ಮರ, ಕರೆಂಟ್ ಕಂಬ, ಮಾಡಿನ ಪಕ್ಕಾಸು, ಸಿಕ್ಕಿದಲ್ಲೆಲ್ಲ ಕಪ್ಪು ಕೇಬಲ್ ಕಟ್ಟಿಕೊಂಡು ಹೋಗುವುದು, ಅಲ್ಲಲ್ಲಿ ಆಂಪ್ಲಿಫೈಯರ್ ಇಡುವುದು. ಊರ ಜಾತ್ರೆ ಬಂತೆಂದರೆ ದೇವಸ್ಥಾನದಿಂದ ಕಂಟ್ರೋಲ್ ರೂಮಿನವರೆಗೆ ಬೇರೆ ಒಂದು ಕೇಬಲ್ ಎಳೆದು, ಕ್ಯಾಮೆರಾವನ್ನು ಮಾಡ್ಯುಲೇಟರಿಗೆ ಕೊಟ್ಟು, ಊರಿನ ಚಾನೆಲಿನಲ್ಲಿ ನೇರ ಬಿಡುತ್ತಿದ್ದೆವು. ಒಂದು ವರ್ಷ ರಥೋತ್ಸವದ ರಾತ್ರಿ ದೇವಸ್ಥಾನದಿಂದ ಒಂದು ಕಿಲೋಮೀಟರ್ ದೂರದ ಮನೆಯಲ್ಲಿ ಲೈನ್ ಸರಿಮಾಡುತ್ತಿದ್ದೆ. ಟಿವಿಯಲ್ಲಿ ಕದಿನ ಸಿಡಿಯಿತು. ಬೆಳಕು ಕಂಡಿತು, ಸದ್ದೂ ಕೇಳಿತು. ಮನೆಯ ಅಜ್ಜಿ "ತೇರು ಹೊರಟಿತು" ಎಂದು ಕೈ ಮುಗಿದರು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಅದೇ ಕದಿನ ಕಿಟಕಿಯ ಹೊರಗಿನಿಂದ 'ಧುಡುಂ' ಎಂದಿತು. ಗಾಳಿಯಲ್ಲಿ ನಡೆದು ಬಂದ ನಿಜವಾದ ಕದಿನವನ್ನು ನಮ್ಮ ಕೇಬಲ್ಲಿನ ಕದಿನ ಮೂರು ಸೆಕೆಂಡು ಹಿಂದೆ ಹಾಕಿತ್ತು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ಆ ಹೆಮ್ಮೆಯನ್ನು ಡಿಜಿಟಲ್ ಕಾಲ ತೆಗೆದುಕೊಂಡಿತು. 2012ರಿಂದ ದೊಡ್ಡ ನಗರಗಳಲ್ಲಿ ಶುರುವಾಗಿ ಹಂತಹಂತವಾಗಿ ದೇಶದ ಕೇಬಲ್ ಎಲ್ಲ ಸೆಟ್ ಟಾಪ್ ಬಾಕ್ಸಿಗೆ ಬದಲಾಯಿತು. ಚಿತ್ರ ತಿಳಿಯಾಯಿತು, ಚಾನೆಲ್ ಹೆಚ್ಚಾದವು. ಡಿಜಿಟಲ್ ಚಿತ್ರವನ್ನು ಮಾತ್ರ ಹಾಗೆಯೇ ಹರಿಯಬಿಡಲು ಬರುವುದಿಲ್ಲ. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಹೋಲಿಸಿ, ಬದಲಾದಷ್ಟನ್ನೇ ಕಳಿಸಿ ಗಾತ್ರ ಕುಗ್ಗಿಸುವ ವಿದ್ಯೆ ಅದು. ಮುಂದಿನದಕ್ಕೆ ಹೋಲಿಸಬೇಕೆಂದರೆ ಮುಂದಿನದು ಬರುವವರೆಗೆ ಕಾಯಲೇಬೇಕು. ಕ್ರಿಕೆಟಿನಲ್ಲಿ ವಿಕೆಟ್ ಬಿದ್ದಾಗ ಪಕ್ಕದ ಮನೆಯ ಬೊಬ್ಬೆ ಮೊದಲು, ನಮ್ಮ ಮನೆಯ ಬೊಬ್ಬೆ ಆಮೇಲೆ ಎಂಬುದು ಶುರುವಾದದ್ದು ಹೀಗೆ.

ಇಂಟರ್ನೆಟ್ಟಿನ ಒಳಗೆ ಇದೇ ಕಾಯುವಿಕೆಯ ಬಗ್ಗೆ ಇನ್ನೂ ಹಳೆಯ ವಾದವೊಂದಿದೆ. ನನ್ನ ಕಸುಬಿನ ಬೇರು ಇರುವುದು ಅಲ್ಲಿಯೇ. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಕಂಪ್ಯೂಟರುಗಳ ಜಾಲಗಳನ್ನು ಒಂದಕ್ಕೊಂದು ಜೋಡಿಸುವ ಕ್ರಮವನ್ನು ಪ್ರಕಟಿಸಿದರು. ಮಾಹಿತಿಯನ್ನು ಸಣ್ಣ ಪ್ಯಾಕೆಟ್ಟುಗಳಾಗಿ ಕಟ್ಟಿ ಕಳಿಸುವುದು, ದಾರಿಯಲ್ಲಿ ಒಂದು ಕಳೆದರೆ ಮತ್ತೆ ಕಳಿಸುವುದು, ಕಳೆದದ್ದು ಬರುವವರೆಗೆ ಅದರ ಹಿಂದೆ ಬಂದದ್ದನ್ನೆಲ್ಲ ತಡೆದು ನಿಲ್ಲಿಸುವುದು. ಜಾಗದ ದಾಖಲೆ ಕಳಿಸಲು ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಒಂದು ಅಕ್ಷರ ಬಿಟ್ಟುಹೋದರೂ ದಾಖಲೆ ಕೆಟ್ಟಿತು. ಆದರೆ ಅದೇ ದಶಕದಲ್ಲಿ ಡ್ಯಾನಿ ಕೋಹೆನ್ ಎಂಬವರು ಈ ಜಾಲದ ಮೇಲೆ ಮಾತಿನ ದನಿ ಕಳಿಸುವ ಪ್ರಯೋಗ ಮಾಡುತ್ತಿದ್ದರು. ದನಿಯ ಒಂದು ಚೂರು ಕಳೆದರೆ ಕಿವಿ ಸಹಿಸಿಕೊಳ್ಳುತ್ತದೆ. ಅದನ್ನು ಕಾಯುತ್ತಾ ನಿಂತರೆ ಮಾತೇ ಕೆಡುತ್ತದೆ. ಮದುವೆ ಮುಗಿದ ಮೇಲೆ ಬಂದ ಆಮಂತ್ರಣ ಎಷ್ಟು ಚೆನ್ನಾಗಿ ಅಚ್ಚಾಗಿದ್ದರೇನು? ಕೋಹೆನ್‌ರಂಥವರು ಪಟ್ಟು ಹಿಡಿದದ್ದರಿಂದ 1978ರ ಸುಮಾರಿಗೆ ಆ ಒಂದು ವ್ಯವಸ್ಥೆ ಎರಡು ಪದರವಾಯಿತು. ದಾರಿ ತೋರಿಸುವ ಐಪಿ ಕೆಳಗೆ, ಕಾದು ಜೋಡಿಸುವ ಟಿಸಿಪಿ ಮೇಲೆ. ಕಾಯದೆ ಕಳಿಸುವವರಿಗೆಂದು 1980ರಲ್ಲಿ ಯುಡಿಪಿ ಬಂತು. ಕಾಯುವುದೋ ಬಿಟ್ಟುಬಿಡುವುದೋ ಎಂಬ ಆಯ್ಕೆ ಅಂದಿನಿಂದ ನಮ್ಮ ಕೈಯಲ್ಲಿದೆ.

ಮೊದಲಿಗೆ ವಿಡಿಯೋದವರು ಬಿಟ್ಟುಬಿಡುವ ಬದಿಗೇ ಇದ್ದರು. 1992ರಲ್ಲಿ ಎಂಬೋನ್ ಎಂಬ ಜಾಲದ ಮೇಲೆ ಸಂಶೋಧಕರು ತಮ್ಮ ಸಭೆಗಳ ದನಿಯನ್ನು ನೇರವಾಗಿ ಬಿಟ್ಟರು. 1993ರ ಜೂನ್ 24ರಂದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ 'ಸಿವಿಯರ್ ಟೈರ್ ಡ್ಯಾಮೇಜ್' ಎಂಬ ತಂಡ ಹಾಡಿದ್ದು ಹೀಗೆ ಜಾಲದಲ್ಲಿ ನೇರ ಹೋಯಿತು. ತಂಡದವರು ಕಂಪ್ಯೂಟರ್ ಸಂಸ್ಥೆಗಳಲ್ಲಿ ಕೆಲಸ ಮಾಡುವವರು. ಮರುವರ್ಷ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಹಾಡೂ ಅದೇ ದಾರಿಯಲ್ಲಿ ಹೋಯಿತು. ಒಂದೇ ಹರಿವನ್ನು ದಾರಿಯ ಕವಲುಗಳಲ್ಲಿ ಹಂಚಿಕೊಂಡು ಹೋಗುವ ಆ ಕ್ರಮ ಬಹಳ ಸುಂದರವಾಗಿತ್ತು. ಆದರೆ ಅದಕ್ಕೆ ದಾರಿಯ ಪ್ರತಿಯೊಂದು ರೂಟರೂ ಒಪ್ಪಬೇಕಿತ್ತು, ಮನೆಮನೆಯ ಇಂಟರ್ನೆಟ್ ಕೊಡುವವರು ಒಪ್ಪಲಿಲ್ಲ.

ಮನೆಗೆ ಮುಟ್ಟಿದ್ದು ರಿಯಲ್ ಆಡಿಯೋ ಎಂಬ ತಂತ್ರಾಂಶ. 1995ರ ಸೆಪ್ಟೆಂಬರ್ 5ರಂದು ಸಿಯಾಟಲ್ ತಂಡದ ಒಂದು ಬೇಸ್‌ಬಾಲ್ ಪಂದ್ಯದ ವರ್ಣನೆ ಅದರಲ್ಲಿ ನೇರ ಬಂತು. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಿತ್ತು. ಫೋನ್ ಲೈನಿನ ಮೋಡೆಮ್ ಒಮ್ಮೆ ಓಡಿ ಒಮ್ಮೆ ಕುಂಟುವ ಕಾಲ ಅದು. ಆದ್ದರಿಂದ ನೋಡುವವನ ಕಂಪ್ಯೂಟರಿನಲ್ಲಿ ಕೆಲವು ಸೆಕೆಂಡಿನಷ್ಟು ತುಂಬಿಸಿಟ್ಟುಕೊಂಡೇ ಕೇಳಿಸಲು ಶುರುಮಾಡಬೇಕಾಗಿತ್ತು. 'ಬಫರಿಂಗ್' ಎಂಬ ಮಾತು ಮನೆಮಾತಾದದ್ದು ಆಗ. ನಮ್ಮ ಕಡೆಯವರು ಅದನ್ನು 'ಸುತ್ತುತ್ತಾ ಉಂಟು' ಎನ್ನುತ್ತಾರೆ. ಪರದೆಯ ಮೇಲೆ ಬಳೆಯೊಂದು ಸುತ್ತುತ್ತಲೇ ಇರುವುದಕ್ಕೆ ಅದಕ್ಕಿಂತ ಸರಿಯಾದ ಮಾತು ನನಗೆ ಗೊತ್ತಿಲ್ಲ.

2002ರಲ್ಲಿ ಮ್ಯಾಕ್ರೋಮೀಡಿಯಾದವರ ಫ್ಲ್ಯಾಶ್ ಸರ್ವರಿನ ಜೊತೆ ಆರ್‌ಟಿಎಂಪಿ ಎಂಬ ಕ್ರಮ ಬಂತು. ಕಳಿಸುವವನಿಂದ ನೋಡುವವನವರೆಗೆ ಒಂದೇ ಕೊಳವೆ ತೆರೆದಿಟ್ಟ ಹಾಗೆ. ತಡ ಕೆಲವೇ ಸೆಕೆಂಡು. ಆದರೆ ಒಬ್ಬೊಬ್ಬ ನೋಡುಗನಿಗೂ ಒಂದೊಂದು ಕೊಳವೆ ತೆರೆದೇ ಇಡಬೇಕು. ಲಕ್ಷ ಜನ ಬಂದರೆ ಸರ್ವರು ಸುಸ್ತು. ಐಫೋನಿನಲ್ಲಂತೂ ಫ್ಲ್ಯಾಶೇ ನಡೆಯುತ್ತಿರಲಿಲ್ಲ. 2009ರಲ್ಲಿ ಆ್ಯಪಲ್ ಬೇರೆ ದಾರಿ ಹಿಡಿಯಿತು. ರೋಜರ್ ಪ್ಯಾಂಟೋಸ್ ಬರೆದಿಟ್ಟ ಎಚ್‌ಎಲ್‌ಎಸ್ ಕ್ರಮದಲ್ಲಿ ಲೈವ್ ವಿಡಿಯೋವನ್ನು ಹತ್ತು ಹತ್ತು ಸೆಕೆಂಡಿನ ತುಂಡು ಮಾಡಿ, ಒಂದೊಂದು ತುಂಡನ್ನೂ ಸಾಮಾನ್ಯ ಫೈಲಿನಂತೆ ಸಾಮಾನ್ಯ ವೆಬ್ ಸರ್ವರಿನಲ್ಲಿ ಇಟ್ಟರು. ಮೊಬೈಲು ಮೂರು ತುಂಡು ಇಳಿಸಿಕೊಂಡು ತೋರಿಸಲು ಶುರುಮಾಡುತ್ತದೆ. ಮೂರು ಹತ್ತಲಿ ಮೂವತ್ತು. ಅರ್ಧ ನಿಮಿಷದ ತಡ ಕ್ರಮದಲ್ಲೇ ಅಡಗಿತ್ತು.

ಇದನ್ನು ತಿಳಿದ ದಿನ ನನಗೆ ಸಿಟ್ಟು ಬಂದಿತ್ತು. ಬೆಳಕಿನ ವೇಗದ ಫೈಬರ್ ಇಟ್ಟುಕೊಂಡು ಅರ್ಧ ನಿಮಿಷ ಕಾಯುವುದೇ ಎಂದು. ಆಮೇಲೆ ಯೋಚಿಸಿದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತವನೊಬ್ಬ ಆಟ ನೋಡುತ್ತಿದ್ದಾನೆ. ಒಂದು ಟವರ್ ತಪ್ಪಿ ಇನ್ನೊಂದು ಸಿಗುವವರೆಗೆ ಇಪ್ಪತ್ತು ಸೆಕೆಂಡು ಸಿಗ್ನಲ್ ಇಲ್ಲ. ಅವನ ಫೋನಿನಲ್ಲಿ ಮೂವತ್ತು ಸೆಕೆಂಡಿನ ಆಟ ತುಂಬಿದೆಯಾದ್ದರಿಂದ ಭಾಗವತರ ಪದ್ಯ ಎಲ್ಲೂ ಕಡಿಯದೆ ಸಾಗುತ್ತದೆ. ಆ ಮರಿಗೆ ಅವನಿಗಾಗಿ ಇಟ್ಟದ್ದು. ಅದೇ ಕ್ರಮದಿಂದ ಹತ್ತಾರು ಜನಕ್ಕೆ ಮುಟ್ಟುತ್ತಿದ್ದ ನೇರಪ್ರಸಾರ ಲಕ್ಷಕ್ಕೂ ಕೋಟಿಗೂ ಮುಟ್ಟಿತು. 2019ರ ವಿಶ್ವಕಪ್ ಸೆಮಿಫೈನಲ್ ಪಂದ್ಯವನ್ನು ಹಾಟ್‌ಸ್ಟಾರಿನಲ್ಲಿ ಒಂದೇ ಹೊತ್ತಿಗೆ ಎರಡೂವರೆ ಕೋಟಿಗೂ ಹೆಚ್ಚು ಜನ ನೋಡಿದರು. ಕೊಳವೆಯ ಕ್ರಮದಲ್ಲಿ ಅದು ಆಗುವ ಮಾತಲ್ಲ.

ತಡ ಏನನ್ನು ಕಸಿಯುತ್ತದೆ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು 2020ರಲ್ಲಿ. ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ, ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನೂ ಎರಡು ತಿಂಗಳಿರುವಾಗಲೇ ಮೇಳಗಳು ಗೆಜ್ಜೆ ಬಿಚ್ಚಿದವು. ಕಲಾವಿದರು ಮನೆಮನೆಗಳಲ್ಲಿ ಉಳಿದರು. ನಾವು ಕೆಲವರು ಸೇರಿ ತಾಳಮದ್ದಳೆಯನ್ನಾದರೂ ಇಂಟರ್ನೆಟ್ಟಿನಲ್ಲಿ ಮಾಡೋಣ ಎಂದುಕೊಂಡೆವು. ಅರ್ಥಧಾರಿಗಳು ಅವರವರ ಮನೆಯಲ್ಲಿ ಕೂತು ಮಾತಾಡಿದರು. ವಿಡಿಯೋ ಕಾಲ್ ಕ್ರಮದಲ್ಲಿ ಕಾಲು ಸೆಕೆಂಡಿನ ಆಚೀಚೆ ತಡ ಇತ್ತು. ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವುದು ಕೆಲವು ಸಲ ಆದರೂ ಸಂಭಾಷಣೆ ಸಾಗಿತು. ಫೋನಿನ ಮಾತಿಗೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೆಯದು ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ನಾವು ಅದಕ್ಕಿಂತ ಸ್ವಲ್ಪ ಆಚೆಗಿದ್ದೆವು, ಅಷ್ಟೆ.

ಹಿಮ್ಮೇಳ ಮಾತ್ರ ಆಗಲಿಲ್ಲ. ಭಾಗವತರು ಒಂದು ಊರು, ಮದ್ದಳೆಯವರು ಇನ್ನೊಂದು ಊರು. ಭಾಗವತರು ಜಾಗಟೆ ತಟ್ಟಿ ಪದ್ಯ ಎತ್ತಿದರು. ಜಾಗಟೆಯ ಪೆಟ್ಟು ಮದ್ದಳೆಯವರಿಗೆ ಕಾಲು ಸೆಕೆಂಡು ಬಿಟ್ಟು ಕೇಳಿತು. ಅವರು ಕೇಳಿದ ಪೆಟ್ಟಿಗೆ ಸರಿಯಾಗಿಯೇ ನುಡಿಸಿದರು. ಅದು ಭಾಗವತರಿಗೆ ಮತ್ತೆ ಕಾಲು ಸೆಕೆಂಡು ಬಿಟ್ಟು ಬಂತು. ಮದ್ದಳೆ ಹಿಂದೆ ಬಿದ್ದಿತೆಂದು ಭಾಗವತರು ಲಯ ನಿಧಾನಿಸಿದರು. ಭಾಗವತರು ನಿಧಾನವಾದರೆಂದು ಮದ್ದಳೆಯವರೂ ನಿಧಾನಿಸಿದರು. ನಾಲ್ಕು ಆವರ್ತನದಲ್ಲಿ ಪದ್ಯ ನಿಂತೇಹೋಯಿತು. ಕೂಡಿ ನುಡಿಸುವವರಿಗೆ ಇಪ್ಪತ್ತೈದು ಮೂವತ್ತು ಮಿಲಿಸೆಕೆಂಡಿಗಿಂತ ಹೆಚ್ಚು ತಡ ಆಗುವುದಿಲ್ಲ. ಗಾಳಿಯ ಲೆಕ್ಕದಲ್ಲಿ ಅದು ಹತ್ತು ಮೀಟರ್. ರಂಗಸ್ಥಳದ ಹಿಂದೆ ಹಿಮ್ಮೇಳದವರು ಒತ್ತಿಕೊಂಡು ಕೂರುವುದರ ಹಿಂದೆ ಎಷ್ಟು ತಲೆಮಾರುಗಳ ಕಿವಿಯ ಅನುಭವವಿದೆಯೋ ಎಂದು ಆ ದಿನ ಅನಿಸಿತು. ಭಾಗವತರು ಜಾಗಟೆಯನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ ಹಿಮ್ಮೇಳದವರನ್ನು ಒಂದೇ ಮನೆಯಲ್ಲಿ ಕೂರಿಸಲು ಅವಕಾಶ ಸಿಗುವವರೆಗೆ ನಾವು ಕಾದೆವು.

ದಂಬೆಯ ಉದ್ದಕ್ಕೂ ನಡೆಯುವ ಅಪ್ಪನ ಕ್ರಮವನ್ನು ನಾನು ಪೂರ್ತಿ ಪ್ರಯೋಗಿಸಿದ್ದು ಅದಾದ ಎರಡು ವರ್ಷಕ್ಕೆ, ಒಂದು ಹರಕೆ ಬಯಲಾಟದಲ್ಲಿ. ಸೇವೆ ಕೊಟ್ಟವರ ಮಗ ಕೊಲ್ಲಿ ದೇಶದಲ್ಲಿ. ರಜೆ ಸಿಗಲಿಲ್ಲ. ತಾಯಿ ಚೌಕಿಯಲ್ಲಿ ದೇವರ ಪ್ರಸಾದ ಕೈಗೆ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕೇಳಿದರು: "ಕಂಡಿತಾ ಮಗಾ?" ಆಚೆಯಿಂದ, "ಇಲ್ಲಮ್ಮ, ಇನ್ನೂ ಆರತಿಯೇ ಆಗ್ಲಿಲ್ಲ ಇಲ್ಲಿ." ತಾಯಿ ಸ್ವಲ್ಪ ಹೊತ್ತು ಕಾದರು. ಹಿಂದೆ ಸಾಲಿನಲ್ಲಿ ಜನ ಇದ್ದರು, ಬದಿಗೆ ಸರಿಯಬೇಕಾಯಿತು. ಮಗನ ಪರದೆಯಲ್ಲಿ ಪ್ರಸಾದ ಬರುವ ಹೊತ್ತಿಗೆ ತಾಯಿ ಚೌಕಿಯಿಂದ ಹೊರಗೆ ಬಂದಾಗಿತ್ತು. ಯಾರೂ ನನ್ನನ್ನು ದೂರಲಿಲ್ಲ. ನನಗೆ ರಾತ್ರಿಯಿಡೀ ಅದೇ ಕೊರೆಯಿತು.

ಮರುದಿನ ಬೆಳಿಗ್ಗೆ ಅದೇ ಮನೆಯ ಜಗಲಿಯಲ್ಲಿ ಎಲ್ಲ ಸಾಮಾನನ್ನೂ ಮತ್ತೆ ಜೋಡಿಸಿದೆ. ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾದ ಎದುರಿಟ್ಟೆ. ಲೈವ್ ಬಿಟ್ಟು, ಇನ್ನೊಂದು ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿ ಅದನ್ನೇ ನೋಡಿದೆ. ಎರಡೂ ಗಡಿಯಾರ ಒಂದೇ ಫೋಟೋದಲ್ಲಿ ಬರುವಂತೆ ತೆಗೆದರೆ ವ್ಯತ್ಯಾಸವೇ ತಡ. 46 ಸೆಕೆಂಡು. ಇನ್ನು ಸುರಂಗದ ಬಾಯಿಯಿಂದ ಇಳಿಯಬೇಕು.

ಮಿಕ್ಸರಿನಿಂದ ಹೊರಬಂದ ಚಿತ್ರದಲ್ಲಿ ಅಳೆದೆ, 0.2 ಸೆಕೆಂಡು. ಲ್ಯಾಪ್‌ಟಾಪಿನ ಎನ್‌ಕೋಡರ್ ದಾಟಿದಲ್ಲಿ ಇನ್ನೊಂದು ಸೆಕೆಂಡು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಪಿಂಗ್ ಹಾಕಿದೆ. ಒಂದು ಸಣ್ಣ ಪ್ಯಾಕೆಟ್ ಕಳಿಸಿ ಅದು ತಿರುಗಿ ಬರಲು ಎಷ್ಟು ಹೊತ್ತೆಂದು ನೋಡುವ ಈ ಉಪಕರಣವನ್ನು ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ಬರೆದರು. ನೀರೊಳಗಿನ ಸೋನಾರಿನ ಸದ್ದೇ ಅದರ ಹೆಸರು. ನಲವತ್ತು ವರ್ಷ ಹಳೆಯ ಈ ಕೋಲು ಇವತ್ತಿಗೂ ನಮ್ಮ ಮೊದಲ ಆಸರೆ. ಇಪ್ಪತ್ತು ಮಿಲಿಸೆಕೆಂಡಿನಲ್ಲಿ ಬರಬೇಕಾದ ಉತ್ತರ ಸಾವಿರದ ಐನೂರು ದಾಟುತ್ತಿತ್ತು. ಕಾರಣ ಒಳಗಿನ ಕೋಣೆಯಲ್ಲಿತ್ತು. ಆಟಕ್ಕೆ ಬಂದ ನೆಂಟರ ಫೋನುಗಳೆಲ್ಲ ಅದೇ ವೈಫೈಗೆ ಸೇರಿ, ರಾತ್ರಿ ತೆಗೆದ ಫೋಟೋ ವಿಡಿಯೋಗಳನ್ನು ತಮ್ಮಷ್ಟಕ್ಕೆ ಮೇಲೆ ಕಳಿಸುತ್ತಿದ್ದವು. ನನ್ನ ಲೈವಿನ ಪ್ಯಾಕೆಟ್ಟುಗಳು ಆ ಸಾಲಿನ ಹಿಂದೆ ನಿಂತಿದ್ದವು. ಲ್ಯಾಪ್‌ಟಾಪಿನಲ್ಲೂ ಅದರ ಹಿಂದೆ ಇನ್ನೊಂದು ಸಾಲು. ಎರಡೂ ಸೇರಿ ನಾಲ್ಕು ಸೆಕೆಂಡು.

ಈ ರೋಗಕ್ಕೂ ಒಂದು ಚರಿತ್ರೆ ಇದೆ. 2010ರಲ್ಲಿ ಜಿಮ್ ಗೆಟಿಸ್ ಎಂಬ ಅಮೆರಿಕದ ಎಂಜಿನಿಯರ್ ತಮ್ಮ ಮನೆಯಿಂದ ಫೈಲ್ ಕಳಿಸುವಾಗ ಇಂಟರ್ನೆಟ್ ಪೂರಾ ಮಂಕಾಗುವುದನ್ನು ಕಂಡು, ಅದರ ಜಾಡು ಹಿಡಿದು ಹೋದರು. ಮೆಮೊರಿ ಅಗ್ಗವಾದಂತೆ ರೂಟರ್ ಮಾಡುವವರು ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ದೊಡ್ಡ ದೊಡ್ಡ ಬಫರು ಇಟ್ಟಿದ್ದರು. ಸಾಲು ತುಂಬಿದಾಗ ಒಂದೆರಡನ್ನು ಬಿಟ್ಟುಬಿಟ್ಟರೆ ಮಾತ್ರ ಕಳಿಸುವವನಿಗೆ ವೇಗ ತಗ್ಗಿಸಬೇಕೆಂದು ಗೊತ್ತಾಗುತ್ತದೆ. ಏನನ್ನೂ ಬಿಡದ ಕಡೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಗೆಟಿಸ್ ಇದಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾತ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಇದಕ್ಕೆ ಕೋಡೆಲ್ ಎಂಬ ಮದ್ದು ಕೊಟ್ಟರು. ಸಾಲು ಎಷ್ಟು ಉದ್ದ ಎಂದು ನೋಡುವ ಬದಲು ಒಂದು ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಎಂದು ನೋಡುವುದು ಅದರ ಗುಟ್ಟು. ನನ್ನ ಅಂದಿನ ಮದ್ದು ಸರಳವಾಗಿತ್ತು: ಲೈವಿಗೆ ಬೇರೆ ಲೈನ್, ನೆಂಟರಿಗೆ ಬೇರೆ ವೈಫೈ.

ದೊಡ್ಡ ಮರಿಗೆ ಇನ್ನೂ ಮುಂದೆ ಇತ್ತು, ಮತ್ತು ಅದನ್ನು ಇಟ್ಟವನು ನಾನೇ. ವಿಡಿಯೋದಲ್ಲಿ ಪೂರ್ತಿ ಚಿತ್ರ ಅಲ್ಲೊಂದು ಇಲ್ಲೊಂದು, ನಡುವೆ ಬದಲಾವಣೆಗಳು ಮಾತ್ರ. ಆ ಪೂರ್ತಿ ಚಿತ್ರಕ್ಕೆ ಕೀಫ್ರೇಮ್ ಎನ್ನುತ್ತಾರೆ. ತುಂಡು ಮಾಡುವುದಾದರೆ ಅಲ್ಲಿಯೇ ಮಾಡಬೇಕು. ನನ್ನ ಎನ್‌ಕೋಡರಿನಲ್ಲಿ ಅದು ಕಂಪನಿಯಿಂದ ಬಂದ ಹಾಗೆಯೇ 250 ಫ್ರೇಮಿಗೆ ಒಂದು ಎಂದಿತ್ತು. ಸೆಕೆಂಡಿಗೆ 25 ಫ್ರೇಮಾದರೆ ಹತ್ತು ಸೆಕೆಂಡು. ಹಾಗಾಗಿ ಸರ್ವರು ಹತ್ತು ಸೆಕೆಂಡಿನ ತುಂಡೇ ಮಾಡುತ್ತಿತ್ತು, ಫೋನು ಮೂರು ತುಂಡು ಹಿಡಿಯುತ್ತಿತ್ತು. ಮೂವತ್ತು ಸೆಕೆಂಡು ಅಲ್ಲಿ. ಸರ್ವರಿನಲ್ಲಿ ಬೇರೆ ಬೇರೆ ಗಾತ್ರ ಮಾಡುವ ಕೆಲಸಕ್ಕೆ ಮೂರು. ಉಳಿದ ಎಂಟು ಸೆಕೆಂಡು ನೋಡುವ ಫೋನಿನದೇ. ನಡುವೆ ಎರಡು ಸಲ ಸುತ್ತಿತ್ತು, ಸುತ್ತಿದಷ್ಟು ಹೊತ್ತು ಹಿಂದೆ ಬಿದ್ದಿತ್ತು, ಮತ್ತೆ ಮುಂದಕ್ಕೆ ಓಡಿ ಸೇರಿಕೊಂಡಿರಲಿಲ್ಲ.

ಕೀಫ್ರೇಮನ್ನು ಎರಡು ಸೆಕೆಂಡಿಗೆ ಇಳಿಸಿದೆ. ಮುಂದಿನ ಚಿತ್ರಕ್ಕೆ ಕಾಯುವ ಲೆಕ್ಕಾಚಾರವನ್ನು ಎನ್‌ಕೋಡರಿನಲ್ಲಿ ನಿಲ್ಲಿಸಿದೆ. ಪ್ರಸಾರದ ತಾಣದಲ್ಲಿ ಕಡಿಮೆ ತಡದ ಆಯ್ಕೆ ಒತ್ತಿದೆ. ಮತ್ತೆ ಎರಡು ಗಡಿಯಾರದ ಫೋಟೋ ತೆಗೆದೆ. 9 ಸೆಕೆಂಡು. ಮಧ್ಯಾಹ್ನ ಆ ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ಕೊಲ್ಲಿಗೆ ಫೋನ್ ಹಚ್ಚಿ, ಕ್ಯಾಮೆರಾದ ಎದುರು ಪ್ರಸಾದದ ತಟ್ಟೆ ಹಿಡಿಯಲು ಹೇಳಿದೆ. "ಕಂಡಿತಾ?" ಎಂದರು. ನಾವು ಒಂಬತ್ತು ಎಣಿಸಿದೆವು. "ಹಾಂ, ಕಂಡಿತು ಅಮ್ಮ."

ಈಗ ಇನ್ನೂ ಚುರುಕಾದ ದಾರಿಗಳಿವೆ. 2017ರಲ್ಲಿ ಹೈವಿಷನ್ ಕಂಪನಿ ತನ್ನ ಎಸ್‌ಆರ್‌ಟಿಯನ್ನು ಎಲ್ಲರಿಗೂ ಮುಕ್ತ ಮಾಡಿತು. ಕಳೆದದ್ದನ್ನು ಮತ್ತೆ ಕಳಿಸು, ಆದರೆ ಗಡುವು ಮೀರಿದರೆ ಬಿಟ್ಟುಬಿಡು ಎನ್ನುವ ಆ ಕ್ರಮದಲ್ಲಿ ಎಪ್ಪತ್ತರ ದಶಕದ ಆ ವಾದದ ಎರಡೂ ಕಡೆಯವರು ಒಂದೇ ಚಾಪೆಯಲ್ಲಿ ಕೂತಂತೆ ನನಗೆ ಕಾಣುತ್ತದೆ. ಗದ್ದೆಯಿಂದ ಸರ್ವರಿಗೆ ಕಳಿಸಲು ಅದನ್ನೇ ಬಳಸುತ್ತೇನೆ. 2019ರಲ್ಲಿ ಆ್ಯಪಲ್ ತನ್ನ ಎಚ್‌ಎಲ್‌ಎಸ್ ತುಂಡುಗಳನ್ನೂ ಸಣ್ಣ ಚೂರುಗಳಾಗಿ ಕಳಿಸುವ ಕ್ರಮ ತಂದಿತು. 2011ರಲ್ಲಿ ಗೂಗಲ್ ಮುಕ್ತಗೊಳಿಸಿದ ವೆಬ್‌ಆರ್‌ಟಿಸಿ 2021ರಲ್ಲಿ ಅಧಿಕೃತ ಮಾನಕವಾಯಿತು. ಅದರಲ್ಲಿ ತಡ ಅರ್ಧ ಸೆಕೆಂಡಿಗೂ ಒಳಗೆ. ಆದರೆ ಎಲ್ಲರಿಗೂ ಅದನ್ನೇ ಕೊಡುವುದಿಲ್ಲ. ದೂರದಲ್ಲಿರುವ ಮಗನಿಗೋ ಮಗಳಿಗೋ ಅರ್ಧ ಸೆಕೆಂಡಿನ ಬೇರೆ ಲಿಂಕ್ ಕೊಡುತ್ತೇನೆ. ಗುಡ್ಡದ ಮೇಲೆ ಒಂದೇ ಕಡ್ಡಿ ಸಿಗ್ನಲಿನಲ್ಲಿ ರಾತ್ರಿಯಿಡೀ ಆಟ ನೋಡುವ ಮುದುಕರಿಗೆ ಹತ್ತಿಪ್ಪತ್ತು ಸೆಕೆಂಡಿನ ದೊಡ್ಡ ಮರಿಗೆಯೇ ಬೇಕು. ಅವರಿಗೆ ಪದ್ಯ ಕಡಿಯಬಾರದು.

ಕಳೆದ ಜಾತ್ರೆಗೆ, ಹಿಂದೆ ಲೈನ್ ಸರಿಮಾಡಿದ್ದ ಆ ಒಂದು ಕಿಲೋಮೀಟರ್ ದೂರದ ಮನೆಗೆ ಮತ್ತೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಮೊಮ್ಮಗಳು ಫೋನಿನಲ್ಲಿ ನಮ್ಮ ಲೈವ್ ಹಾಕಿ ಕೂತಿದ್ದಳು. ಕಿಟಕಿಯಲ್ಲಿ ಕದಿನ ಕೇಳಿತು. ನಾನು ಎಣಿಸತೊಡಗಿದೆ. ಆರಕ್ಕೆ ಅವಳ ಫೋನಿನಲ್ಲಿ ಸಿಡಿಯಿತು. ಗಾಳಿಯಲ್ಲಿ ಮೂರು ಸೆಕೆಂಡು ಆಗಲೇ ಕಳೆದಿತ್ತು, ಒಟ್ಟು ಒಂಬತ್ತು. "ಲೇಟ್ ಉಂಟಲ್ಲ ಮಾಮ?" ಎಂದಳು. ಹೌದು ಎಂದೆ. ಚೀಟಿ ತೆಗೆದು ಬರೆದು ತೋರಿಸಿದೆ: ಮಿಕ್ಸರಿನಲ್ಲಿ ಇಷ್ಟು, ದಾರಿಯಲ್ಲಿ ಇಷ್ಟು, ಸರ್ವರಿನಲ್ಲಿ ಇಷ್ಟು, ನಿನ್ನ ಫೋನು ಸಿಗ್ನಲ್ ತಪ್ಪಿದರೂ ತೇರು ನಿಲ್ಲಬಾರದೆಂದು ಹಿಡಿದಿಟ್ಟದ್ದು ಇಷ್ಟು. ಅವಳು ಚೀಟಿಯನ್ನು ಒಮ್ಮೆ ಓದಿ, ಫೋನನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಮುಂದಿನ ಕದಿನಕ್ಕೆ ತಾನೇ ಬೆರಳು ಮಡಚಿ ಎಣಿಸತೊಡಗಿದಳು.